ಅಡುಗೆ ಕಟ್ಟೆಯ ಮೇಲಿನ ಸ್ಟುಡಿಯೋ

ಡೊಂಬಿವಲಿಯಲ್ಲಿ ಮನೆ, ಐರೋಲಿಯಲ್ಲಿ ಐಟಿ ನೌಕರಿ, ಶನಿವಾರ ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಡಿಸೈನ್ ಸ್ಟುಡಿಯೋ ತರಗತಿ. ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿಯುವ ನನ್ನ ಈ ಓಡಾಟ 2020ರ ಮಾರ್ಚ್‌ನಲ್ಲಿ ನಿಂತಿತು. ಲೋಕಲ್ ರೈಲುಗಳೇ ನಿಂತುಬಿಟ್ಟವು. ಸ್ವಲ್ಪ ದಿನಕ್ಕೆ ಕಾಲೇಜಿನಿಂದ ಫೋನ್ ಬಂತು: "ಸರ್, ಇನ್ನು ಆನ್‌ಲೈನ್‌ನಲ್ಲೇ ನಡೆಸಿ."

ಬೇರೆ ಪಾಠವಾದರೆ ಹೇಗೋ ಹೇಳಿಕೊಡಬಹುದಿತ್ತು. ಸ್ಟುಡಿಯೋದಲ್ಲಿ ಉಪನ್ಯಾಸವೇ ಕಡಿಮೆ. ವಿದ್ಯಾರ್ಥಿ ಗೀಚುತ್ತಿರುತ್ತಾನೆ, ಮೇಷ್ಟ್ರು ಪಕ್ಕಕ್ಕೆ ಬಂದು ಇನ್ನೊಂದು ಗೆರೆ ಎಳೆಯುತ್ತಾರೆ, ಅಕ್ಕಪಕ್ಕದವರು ಇಣುಕಿ ನೋಡಿ ಕಲಿಯುತ್ತಾರೆ. ಅಮೆರಿಕದ ಡೊನಾಲ್ಡ್ ಶೋನ್ 1983ರ 'ದ ರಿಫ್ಲೆಕ್ಟಿವ್ ಪ್ರಾಕ್ಟೀಷನರ್' ಪುಸ್ತಕದಲ್ಲಿ ವಾಸ್ತುಶಿಲ್ಪ ಸ್ಟುಡಿಯೋದ ಇಂಥದೇ ಮಾತುಕತೆಯನ್ನು ಬಿಡಿಸಿ ತೋರಿಸಿದ್ದಾರೆ. ಮಾಡುತ್ತಲೇ ಯೋಚಿಸುವುದು ಅಲ್ಲಿನ ವಿದ್ಯೆ. ನಮ್ಮೂರ ಬಡಗಿಯ ಮಗ ಉಳಿ ಹಿಡಿಯಲು ಕಲಿಯುವುದೂ ಹೀಗೆಯೇ.

ನಾನು ಮಾಡಿದ ತಪ್ಪೆಂದರೆ, ಮೂರು ಗಂಟೆಯ ತರಗತಿಯನ್ನು ಹಾಗೇ ಎತ್ತಿ ಜೂಮ್‌ಗೆ ಹಾಕಿದ್ದು. ಕ್ಯಾಮೆರಾ ಆನ್ ಇರಲೇಬೇಕು ಎಂದೂ ಹೇಳಿದೆ. ಕಲ್ಯಾಣ್‌ನ ಒಬ್ಬ ಹುಡುಗಿ ಹತ್ತು ನಿಮಿಷ ಇದ್ದು ಮಾಯವಾಗುತ್ತಿದ್ದಳು. ಮೂರನೆಯ ವಾರ ಗೈರುಹಾಜರಿ ಹಾಕಿ, ಪಕ್ಕದಲ್ಲಿ 'ಆಸಕ್ತಿಯಿಲ್ಲ' ಎಂದು ಬರೆದೆ.

ಅಂದು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಅವಳ ನಾಲ್ಕು ಫೋಟೋ ಬಂದವು. ಥಾಣೆ ಸ್ಟೇಷನ್ನಿನಲ್ಲಿ ದಾರಿ ತೋರಿಸುವ ಫಲಕ ರೂಪಿಸಿ ಎಂದು ಕೆಲಸ ಕೊಟ್ಟಿದ್ದೆ. ಕಿರಾಣಿ ಸಾಮಾನಿನ ರಟ್ಟಿನಲ್ಲಿ ಅವಳು ಇಡೀ ಪಾದಚಾರಿ ಸೇತುವೆಯನ್ನೇ ಕಟ್ಟಿ, ಬಾಣದ ಗುರುತುಗಳನ್ನು ಜನರ ತಲೆಗಳಿಗಿಂತ ಮೇಲೆ ಇಟ್ಟಿದ್ದಳು. ತರಗತಿಯಲ್ಲಿ ಬೇರೆ ಯಾರಿಗೂ ಅದು ಹೊಳೆದಿರಲಿಲ್ಲ. ಫೋನ್ ಮಾಡಿದೆ. ಒಂದೇ ಕೋಣೆ, ಐದು ಜನ, ಒಂದೇ ಫೋನ್, ಹಗಲು ಅದು ತಮ್ಮನ ಪಾಠಕ್ಕೆ. ಎಲ್ಲರೂ ಮಲಗಿದ ಮೇಲೆ ಅಡುಗೆ ಕಟ್ಟೆಯೇ ಇವಳ ಮೇಜು.

ಬರೆದದ್ದನ್ನು ಹೊಡೆದುಹಾಕಿದೆ. ತರಗತಿಯನ್ನೂ ಬದಲಿಸಿದೆ. ಎಲ್ಲರೂ ಒಟ್ಟಿಗೆ ಸೇರುವುದು ಇಪ್ಪತ್ತೇ ನಿಮಿಷ. ಆಮೇಲೆ ನಾಲ್ಕು ನಾಲ್ಕು ಜನರ ಗುಂಪು, ಅವರವರಿಗೆ ಅನುಕೂಲವಾದ ಹೊತ್ತಿಗೆ. ಕ್ಯಾಮೆರಾ ಕಡ್ಡಾಯವಲ್ಲ. ಗುರುವಾರದೊಳಗೆ ಅರ್ಧಂಬರ್ಧ ಕೆಲಸದ ಫೋಟೋ ಮಿರೋ ಬೋರ್ಡಿಗೆ ಹಾಕಬೇಕು. ಮೊದಲು ಸಹಪಾಠಿಗಳ ಅಭಿಪ್ರಾಯ, ನಂತರ ನನ್ನದು. ಫೋಟೋದ ಮೇಲೆ ಗೆರೆ ಎಳೆದು, ಜೊತೆಗೆ ಎರಡು ನಿಮಿಷದ ಧ್ವನಿ ಸಂದೇಶ ಕಳಿಸುತ್ತಿದ್ದೆ; ಯಾವಾಗ ಫೋನ್ ಸಿಗುತ್ತದೋ ಆಗ ಕೇಳಲಿ ಎಂದು. ಅಂಕವೂ ಕೊನೆಯ ಪ್ರದರ್ಶನಕ್ಕಿಂತ ದಾರಿಯುದ್ದಕ್ಕೂ ಬಿಟ್ಟ ಗೀಚುಗಳಿಗೆ ಹೆಚ್ಚು.

ಮುಂದಿನ ಕೆಲಸ: ನಿಮ್ಮ ಮನೆಯ ಒಂದು ಮೂಲೆ, ಮೂರು ಉಪಯೋಗ. ಅವಳು ಅಡುಗೆ ಕಟ್ಟೆಯ ಅಂಚಿಗೆ ಕೊಕ್ಕೆಯಿಂದ ಸಿಕ್ಕಿಸಿ, ಬೆಳಿಗ್ಗೆ ಮಡಚಿಡುವ ಹಲಗೆಯೊಂದನ್ನು ರೂಪಿಸಿದಳು. ಒಗ್ಗರಣೆಯ ಎಣ್ಣೆ ಸಿಡಿದರೆ ಒರೆಸಲು ಬರಬೇಕು ಎಂಬುದನ್ನೂ ಮರೆತಿರಲಿಲ್ಲ.

ಎಲ್ಲವೂ ಸರಿಹೋಯಿತು ಎಂದಲ್ಲ. ರಟ್ಟನ್ನು ಕೈಯಲ್ಲಿ ಹಿಡಿದು ತೂಗಿ ನೋಡುವುದು, ಕಟಿಂಗ್ ಚಹಾ ಹೀರುತ್ತ ಪಕ್ಕದ ಮೇಜಿನ ಜಗಳ ಕೇಳಿಸಿಕೊಳ್ಳುವುದು ಪರದೆಯ ಮೇಲೆ ಸಿಗಲೇ ಇಲ್ಲ. ಈಗ ಮತ್ತೆ ಲೋಕಲ್ ಹತ್ತಿ ಕಾಲೇಜಿಗೆ ಹೋಗುತ್ತೇನೆ. ಗುರುವಾರದ ಬೋರ್ಡು ಮಾತ್ರ ಹಾಗೇ ಉಳಿದಿದೆ. ಇನ್ನೊಂದು ಅಭ್ಯಾಸವೂ ಉಳಿದಿದೆ. ಸೆಮಿಸ್ಟರಿನ ಮೊದಲ ದಿನ ಹಾಜರಿ ಕರೆಯುವ ಮುಂಚೆ ಎಲ್ಲರನ್ನೂ ಕೇಳುತ್ತೇನೆ: "ಮನೆಯಲ್ಲಿ ನೀವು ಎಲ್ಲಿ ಕೂತು ಕೆಲಸ ಮಾಡುತ್ತೀರಿ?"