ಅಳಿಲಿನ ದನಿಗೆ ಚಿನ್ನದ ಗ್ರಾಮಫೋನು

ಪ್ರತಿಭಾ ಕಾರಂಜಿ ಬಂತೆಂದರೆ ಸಾರವಾಡದ ಕಡೆಯ ಶಾಲೆಗಳಲ್ಲಿ ಗದ್ದಲವೋ ಗದ್ದಲ. ಅಭಿನಯ ಗೀತೆಗೆ ಆಯ್ಕೆಯಾದ ಹುಡುಗಿಗೆ ಅವ್ವನ ಇಳಕಲ್ಲ ಸೀರೆಯನ್ನೇ ಅರ್ಧಕ್ಕೆ ಮಡಚಿ, ಪಿನ್ನು ಚುಚ್ಚಿ ಉಡಿಸುತ್ತಾರೆ. ಭಾವಗೀತೆಯ ಹುಡುಗ ಮಾಸ್ತರರ ಮೊಬೈಲನ್ನು ಕಿವಿಗೆ ಹಚ್ಚಿಕೊಂಡು ಒಂದೇ ಹಾಡನ್ನು ಕೇಳಿದ್ದೇ ಕೇಳಿದ್ದು; ಗಾಯಕ ಎಲ್ಲಿ ಉಸಿರು ತಗೊಳ್ಳುತ್ತಾನೋ ಅಲ್ಲೇ ತಾನೂ ಉಸಿರು ತಗೊಳ್ಳುವಷ್ಟು ಪಕ್ಕಾ ಕಲಿತಿರುತ್ತಾನೆ. ಕ್ಲಸ್ಟರಿನಲ್ಲಿ ಗೆದ್ದರೆ ಬಬಲೇಶ್ವರ ತಾಲ್ಲೂಕು, ಅಲ್ಲಿ ಗೆದ್ದರೆ ವಿಜಯಪುರ, ಮುಂದೆ ರಾಜ್ಯಮಟ್ಟ.

ಹಾಡುವ ಮಗುವಿಗೆ ಹೀಗೆ ಮೆಟ್ಟಿಲುಗಳಿವೆ. ಮಾಸ್ತರರ ಮೊಬೈಲಿನೊಳಗಿನ ಹಾಡಿಗೆ? ಮಕ್ಕಳಿಗೆಂದೇ ಬರೆದು, ರಾಗ ಕೂಡಿಸಿ, ಸ್ಟುಡಿಯೊದಲ್ಲಿ ಮುದ್ರಿಸಿದ ಹಾಡಿಗೆ ಬಹುಮಾನ ಕೊಡುವ ಪದ್ಧತಿ ಎಲ್ಲೋ ಒಂದು ಕಡೆ ಶುರುವಾಗಿರಲೇಬೇಕಲ್ಲ.

ಅಮೆರಿಕದಲ್ಲಿ ಅದು ಶುರುವಾದದ್ದು ಒಂದು ಕೀಚಲು ದನಿಯಿಂದ. ಅಲ್ಲಿನ ರೆಕಾರ್ಡ್ ಕಂಪನಿಗಳ ಮಂದಿ 1957ರಲ್ಲಿ ಒಂದು ಅಕಾಡೆಮಿ ಕಟ್ಟಿಕೊಂಡರು. 1959ರ ಮೇ 4ರಂದು ಮೊದಲ ಗ್ರ್ಯಾಮಿ ಪ್ರಶಸ್ತಿಗಳನ್ನು ಹಂಚಿದಾಗ ಇದ್ದ 28 ವಿಭಾಗಗಳಲ್ಲಿ ಮಕ್ಕಳ ಧ್ವನಿಮುದ್ರಿಕೆಯದೂ ಒಂದು. ಗೆದ್ದದ್ದು ‘ದಿ ಚಿಪ್‌ಮಂಕ್ ಸಾಂಗ್’. ಚಿಪ್‌ಮಂಕ್ ಅಂದರೆ ನಮ್ಮ ಅಳಿಲಿನ ದಾಯಾದಿ. ಆಲ್ವಿನ್, ಸೈಮನ್, ಥಿಯೊಡೋರ್ ಎಂಬ ಮೂರು ಅಳಿಲುಗಳು ಕ್ರಿಸ್‌ಮಸ್ ಹಾಡು ಹೇಳುತ್ತವೆ, ನಡುನಡುವೆ ಮೇಷ್ಟ್ರ ಬೈಗುಳ ತಿನ್ನುತ್ತವೆ. ಮೂರೂ ದನಿ ಒಬ್ಬನೇ ರಾಸ್ ಬಾಗ್ದಸಾರಿಯನ್ ಎಂಬಾತನದು. ಟೇಪನ್ನು ಅರ್ಧ ವೇಗದಲ್ಲಿ ಓಡಿಸಿ, ಅದರ ತಾಳಕ್ಕೆ ತಕ್ಕಂತೆ ಎಳೆದೆಳೆದು ಹಾಡಿ, ಆಮೇಲೆ ಪೂರ್ತಿ ವೇಗದಲ್ಲಿ ನುಡಿಸಿದರೆ ದನಿ ಒಂದು ಸಪ್ತಕ ಮೇಲೇರಿ ಕೀಚಲಾಗುತ್ತದೆ. ನಮ್ಮ ಮನೆಗಳ ಟೇಪ್ ರೆಕಾರ್ಡರಿನಲ್ಲಿ ಸೆಲ್ಲು ಇಳಿದಾಗ ಎಂಥ ಗಾಯಕನ ದನಿಯೂ ಭೂತದ ದನಿಯಾಗುತ್ತಿತ್ತಲ್ಲ, ಅದರ ತದ್ವಿರುದ್ಧ ಆಟ ಇದು.

ಆ ಅಳಿಲುಗಳಿಗೆ ಇಟ್ಟದ್ದು ಹಾಡನ್ನು ಹೊರತಂದ ಲಿಬರ್ಟಿ ರೆಕಾರ್ಡ್ಸ್ ಕಂಪನಿಯವರದೇ ಹೆಸರುಗಳು. ಥಿಯೊಡೋರ್ ಎಂಬುದು ಧ್ವನಿ ಎಂಜಿನಿಯರ್ ಟೆಡ್ ಕೀಪ್‌ನ ಹೆಸರು. ಹಾಡಿಗೆ ಆ ದಿನ ಮೂರು ಗ್ರ್ಯಾಮಿ ಬಂತು; ಒಂದು ಮಕ್ಕಳ ವಿಭಾಗದ್ದು, ಒಂದು ಹಾಸ್ಯದ್ದು, ಮೂರನೆಯದು ಧ್ವನಿಮುದ್ರಣದ ಕುಶಲತೆಗೆ, ಅಂದರೆ ಕೀಪ್‌ಗೆ. ನನಗೆ ಇಲ್ಲಿ ಮುಖ್ಯವೆನಿಸುವುದು ಈ ಮೂರನೆಯದು. ಮಕ್ಕಳ ಹಾಡಿನ ಹಿಂದೆ ಗುಂಡಿ ತಿರುಗಿಸುವವನಿಗೂ ಒಂದು ಕಸುಬಿದೆ ಎಂದು ಒಪ್ಪಿಕೊಂಡ ಬಹುಮಾನ ಅದು.

ಅಕಾಡೆಮಿಯವರಿಗೆ ಮಕ್ಕಳ ಮೇಲೆ ಉಕ್ಕಿ ಹರಿದ ಪ್ರೀತಿಯೇನೂ ಇದಕ್ಕೆ ಕಾರಣವಲ್ಲ. ಅಂಗಡಿಯಲ್ಲಿ ಮಕ್ಕಳ ರೆಕಾರ್ಡಿಗೆ ಬೇರೆ ಕಪಾಟು ಇತ್ತು, ಆ ಕಪಾಟಿಗೆ ವ್ಯಾಪಾರವಿತ್ತು. ಪ್ರಶಸ್ತಿ ಹಿಂದಿನಿಂದ ಬಂತು. ಬಂದ ಮೇಲೆ ಮಾತ್ರ ಅದಕ್ಕೆ ಘನತೆ ಸೇರಿಕೊಂಡಿತು. ಆರ್ಕೆಸ್ಟ್ರಾ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ 1962ರಿಂದ ಸತತ ಮೂರು ವರ್ಷ ಇದನ್ನು ಗೆದ್ದ. ಆಮೇಲೆ ಮಕ್ಕಳ ಟಿ.ವಿ. ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಬಂತು. ತೊಂಬತ್ತರ ದಶಕದಲ್ಲಿ ವಿಭಾಗ ಹಾಡಿಗೊಂದು, ಕಥೆಗೊಂದು ಎಂದು ಒಡೆಯಿತು, 2012ರಲ್ಲಿ ಮತ್ತೆ ಒಂದಾಯಿತು. 2021ರಲ್ಲಂತೂ ಜಗಳವೇ ಆಯಿತು. ನಾಮನಿರ್ದೇಶನಗೊಂಡ ಐವರೂ ಬಿಳಿಯರೇ ಎಂದು ಮೂವರು ಸ್ಪರ್ಧಿಗಳು ತಾವಾಗಿಯೇ ಹೆಸರು ಹಿಂತೆಗೆದುಕೊಂಡರು. ಮರುವರ್ಷ, 2022ರ ಏಪ್ರಿಲ್ 3ರಂದು, ಮುಂಬೈಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಫಾಲ್ಗುಣಿ ಶಾ ‘ಎ ಕಲರ್‌ಫುಲ್ ವರ್ಲ್ಡ್’ ಆಲ್ಬಮ್ಮಿಗೆ ಮಕ್ಕಳ ಗ್ರ್ಯಾಮಿ ಪಡೆದರು. ಅದೇ ದಿನ ನ್ಯೂ ಏಜ್ ವಿಭಾಗದಲ್ಲಿ ನಮ್ಮ ಬೆಂಗಳೂರಿನ ರಿಕಿ ಕೇಜ್ ಗೆದ್ದಿದ್ದರು. ‘ಮೈ ಅರ್ತ್ ಸಾಂಗ್ಸ್’ ಎಂದು ಪರಿಸರದ ಮೇಲೆ ಮಕ್ಕಳಿಗಾಗಿ ಹಾಡುಗಳ ಸರಮಾಲೆಯನ್ನೇ ಮಾಡಿದವರು ಅವರು.

ಇನ್ನು ನಮ್ಮ ಕಡೆ ಬರೋಣ. ಹಾಡುವ ಮಗುವನ್ನು ಮೆಚ್ಚುವುದರಲ್ಲಿ ಈ ನಾಡು ಎಂದೂ ಜಿಪುಣತನ ಮಾಡಿಲ್ಲ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೋಮಕಲಿಮಠ ಎಂಬ ಹುಡುಗ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಉಸ್ತಾದರ ಗಾಯನವನ್ನು ಹಾಗೆಹಾಗೇ ಹಾಡಿ ತೋರಿಸುತ್ತಿದ್ದ. ಏಳೆಂಟು ವರ್ಷದವನಿದ್ದಾಗ ಒಬ್ಬ ಮಠಾಧೀಶರು ಮೆಚ್ಚಿ ‘ಕುಮಾರ ಗಂಧರ್ವ’ ಎಂದು ಬಿರುದು ಕೊಟ್ಟರು. ಬಿರುದೇ ಹೆಸರಾಯಿತು, ಹಳೆಯ ಹೆಸರು ಹಿಂದೆ ಸರಿಯಿತು. ಅದು ಸಂದದ್ದು ಮಗುವಿಗೆ. ಆ ಮಗು ಕೇಳಿ ಕಲಿತ ತಟ್ಟೆಗಳೆಲ್ಲ ದೊಡ್ಡವರಿಗಾಗಿ ಮಾಡಿದಂಥವು. ಮಕ್ಕಳದೇ ಕಪಾಟು ನಮ್ಮ ಅಂಗಡಿಗಳಲ್ಲಿ ಇರಲಿಲ್ಲ.

ಹಾಗಾದರೆ ಮಕ್ಕಳ ಹಾಡು ಇದ್ದದ್ದೆಲ್ಲಿ? ಶಾಲೆಯ ಪಠ್ಯದಲ್ಲಿ, ರೇಡಿಯೊದಲ್ಲಿ, ಸಿನಿಮಾದಲ್ಲಿ. ಪಠ್ಯದ ಮಟ್ಟಿಗೆ ವಿಜಯಪುರ ಜಿಲ್ಲೆ ಸಿರಿವಂತ. ಶಂ.ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಇವರ ಪದ್ಯಗಳನ್ನು ಕುಣಿದು ಹೇಳದೆ ಈ ಭಾಗದ ಯಾರೂ ನಾಲ್ಕನೇ ಇಯತ್ತೆ ದಾಟಿಲ್ಲ. ಬಿರಾದಾರರ ‘ನಾವು ಎಳೆಯರು’ ಅಂತೂ ಇಡೀ ಕರ್ನಾಟಕದ ಶಾಲಾ ಅಂಗಳಗಳನ್ನು ಸುತ್ತಿ ಬಂದ ಪದ್ಯ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡತೊಡಗಿತು. ಕನ್ನಡದಲ್ಲಿ ಮೊದಲನೆಯದು ಬೊಳುವಾರು ಮಹಮದ್ ಕುಂಞಿ ಅವರಿಗೆ ಸಂದಿತು, 2018ರಲ್ಲಿ ಕಂಚ್ಯಾಣಿ ಶರಣಪ್ಪನವರಿಗೆ. ತಾಮ್ರಫಲಕ, 50 ಸಾವಿರ ರೂಪಾಯಿ. ಆದರೆ ಇದು ಅಚ್ಚಾದ ಅಕ್ಷರಕ್ಕೆ ಸಲ್ಲುವ ಗೌರವ. ಪದ್ಯಕ್ಕೆ ರಾಗ ಹಾಕಿದ ಸಂಗೀತ ಮಾಸ್ತರರು ಈ ಲೆಕ್ಕದಲ್ಲಿ ಬರುವುದಿಲ್ಲ.

ಸಿನಿಮಾದ ಕಥೆ ಇನ್ನೂ ವಿಚಿತ್ರ. 1981ರ ‘ಭಾಗ್ಯವಂತ’ದಲ್ಲಿ ಮಾಸ್ಟರ್ ಲೋಹಿತ್ ಆಗಿದ್ದ ಪುನೀತ್ ರಾಜ್‌ಕುಮಾರ್ ಟಿ.ಜಿ. ಲಿಂಗಪ್ಪನವರ ಸಂಗೀತದಲ್ಲಿ ಹಾಡಿದಾಗ ಅವರಿಗೆ ಆರು ವರ್ಷ. ಮಗುವಿನ ಪಾತ್ರಕ್ಕೆ ಹೆಣ್ಣುದನಿ ಕೊಡಿಸುವುದು ಆಗ ಸಾಮಾನ್ಯ. ಇಲ್ಲಿ ತೆರೆಯ ಮೇಲಿನ ಮಗುವೇ ಮೈಕಿನ ಮುಂದೆ ನಿಂತಿತ್ತು. ಉಸಿರು ಸಾಲದೆ ಸಾಲಿನ ಕೊನೆ ತುಸು ತೆಳುವಾಗುವುದೂ, ಮುಂದಿನ ಸಾಲಿಗೆ ಗಡಿಬಿಡಿಯಲ್ಲಿ ಹಾರುವುದೂ ಆ ಮುದ್ರಣದಲ್ಲಿ ಹಾಗೇ ಉಳಿದಿವೆ, ಮತ್ತು ಕಿವಿಗೆ ಹಿತವಾಗಿರುವುದೇ ಅದರಿಂದ. ಮರುವರ್ಷ ‘ಚಲಿಸುವ ಮೋಡಗಳು’, 1985ರಲ್ಲಿ ‘ಬೆಟ್ಟದ ಹೂವು’. ರಾಜ್ಯ ಪ್ರಶಸ್ತಿ ಬಂತು, ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೇ ಬಂತು. ಎಲ್ಲವೂ ಬಾಲನಟನೆಂದು. ಪ್ರಶಸ್ತಿಯ ಪಟ್ಟಿಯಲ್ಲಿ ಹಿನ್ನೆಲೆ ಗಾಯಕ, ಗಾಯಕಿ ಇದ್ದಾರೆ, ಬಾಲನಟರಿದ್ದಾರೆ, ಬಾಲಗಾಯಕ ಎಂಬ ಸಾಲು ಮಾತ್ರ ಕಾಣುವುದಿಲ್ಲ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಊರೂರಿನ ಸರ್ಕಲ್ಲುಗಳಲ್ಲಿ, ಆಟೋಗಳಲ್ಲಿ ಮೊಳಗಿದ್ದು ಆ ಬಾಲದನಿಯೂ ಹೌದು.

ಧ್ವನಿಮುದ್ರಿಸಿದ ಮಕ್ಕಳ ಹಾಡಿಗೆ ನಿಜವಾಗಿ ಬಹುಮಾನ ಕೊಟ್ಟದ್ದು ಕಂಪನಿಗಳಲ್ಲ, ಸರಕಾರಿ ಸಂಸ್ಥೆಗಳು. ಆಕಾಶವಾಣಿಯ ವಾರ್ಷಿಕ ಪ್ರಶಸ್ತಿಗಳಲ್ಲಿ ಮಕ್ಕಳ ವೃಂದಗಾನಕ್ಕೆ ಸ್ಪರ್ಧೆಯಿತ್ತು, ಕಿರಿಯರದೊಂದು ಗುಂಪು, ಹಿರಿಯರದೊಂದು. ನಿಲಯಗಳು ಶಾಲಾ ತಂಡಗಳ ಹಾಡನ್ನು ಮುದ್ರಿಸಿಕೊಳ್ಳುತ್ತಿದ್ದವು. 1950ರ ಜನವರಿಯಲ್ಲಿ ಶುರುವಾದ ಧಾರವಾಡ ನಿಲಯವನ್ನೇ ಕೇಳಿ ಬೆಳೆದ ನಮ್ಮ ಭಾಗಕ್ಕೆ ‘ರೇಡಿಯೊದಾಗ ಹಾಡ್ಯಾನ’ ಎಂಬುದೇ ಒಂದು ಪದವಿ. ಅತ್ತ ದೆಹಲಿಯ ಎನ್‌ಸಿಇಆರ್‌ಟಿ ಮಕ್ಕಳ ಶೈಕ್ಷಣಿಕ ಆಡಿಯೊ–ವಿಡಿಯೊ ಉತ್ಸವ ನಡೆಸಿ ಒಳ್ಳೆಯ ಆಡಿಯೊ ಕಾರ್ಯಕ್ರಮಗಳಿಗೆ ಪ್ರಶಸ್ತಿ ಕೊಡುತ್ತ ಬಂದಿದೆ. ಎರಡರಲ್ಲೂ ವ್ಯಾಪಾರದ ಲೆಕ್ಕವಿಲ್ಲ, ಹೀಗಾಗಿ ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ.

ಈಗ ಕಪಾಟು ಬಂದಿದೆ, ಆದರೆ ಯೂಟ್ಯೂಬಿನ ರೂಪದಲ್ಲಿ. ಬೆಂಗಳೂರಿನ ಇನ್ಫೋಬೆಲ್ಸ್‌ನಂಥ ಕಂಪನಿಗಳ ಕನ್ನಡ ಶಿಶುಗೀತೆಗಳು ಹಾಕದಿದ್ದರೆ ಎಷ್ಟೋ ಮನೆಗಳಲ್ಲಿ ಮಗುವಿನ ಬಾಯಿಗೆ ತುತ್ತು ಇಳಿಯುವುದಿಲ್ಲ. ಅಲ್ಲಿನ ಪ್ರಶಸ್ತಿ ಸರಳ: ಲಕ್ಷ ಚಂದಾದಾರರಿಗೆ ಬೆಳ್ಳಿಯ ಗುಂಡಿ, ಹತ್ತು ಲಕ್ಷಕ್ಕೆ ಚಿನ್ನದ್ದು, ಕೋಟಿಗೆ ವಜ್ರದ್ದು. ಕೊರಿಯಾದ ಕಂಪನಿಯೊಂದರ ‘ಬೇಬಿ ಶಾರ್ಕ್’ 2022ರ ಜನವರಿಯಲ್ಲಿ ಸಾವಿರ ಕೋಟಿ ವೀಕ್ಷಣೆ ದಾಟಿತು. ಎರಡು ವರ್ಷದ ಕೂಸು ಒಂದೇ ಹಾಡನ್ನು ದಿನಕ್ಕೆ ಇಪ್ಪತ್ತು ಸಲ ಹಾಕಿಸಿಕೊಂಡರೆ ಇಪ್ಪತ್ತು ಮೆಚ್ಚುಗೆಯೆಂದು ಎಣಿಸುವ ತೀರ್ಪುಗಾರ ಇದು. ಮಕ್ಕಳೇ ಆರಿಸಿದರು ಎನ್ನಲೂಬಹುದು, ಅಡುಗೆಮನೆಯಲ್ಲಿ ಕೈ ಬಿಡುವಿಲ್ಲದ ತಾಯಂದಿರು ಆರಿಸಿದರು ಎನ್ನಲೂಬಹುದು.

ನನಗನಿಸುವುದು, ಕನ್ನಡ ಮಕ್ಕಳ ಹಾಡಿಗೆ ಗ್ರ್ಯಾಮಿಯ ಥಳಕು ಬೇಕಿಲ್ಲ, ಟೆಡ್ ಕೀಪ್‌ಗೆ ಸಿಕ್ಕಂಥ ಗುರುತು ಸಾಕು. ಶಾಲಾ ಗುಂಪುಗಳಲ್ಲಿ ವಾಟ್ಸ್ಆ್ಯಪಿನಿಂದ ವಾಟ್ಸ್ಆ್ಯಪಿಗೆ ದಾಟುವ ಹಾಡುಗಳಲ್ಲಿ ಬಹುಪಾಲಿಗೆ ‘ಕನ್ನಡ ರೈಮ್ಸ್’ ಎಂಬುದೊಂದೇ ವಿಳಾಸ. ಸಂಗೀತ ನೃತ್ಯ ಅಕಾಡೆಮಿಯೋ ಧಾರವಾಡದ ಬಾಲವಿಕಾಸ ಅಕಾಡೆಮಿಯೋ ನಾಳೆ ಇಂಥದ್ದೊಂದು ಬಹುಮಾನ ಹೂಡಿದರೆ, ಮೊದಲ ವರ್ಷ ಹಣಕ್ಕಿಂತ ಹೆಚ್ಚಿನ ಕೆಲಸವನ್ನು ಅರ್ಜಿಯ ನಮೂನೆಯೇ ಮಾಡೀತು. ಪದ್ಯ ಯಾರದು, ರಾಗ ಕೂಡಿಸಿದವರು ಯಾರು, ಹಾಡಿದ ಮಗು ಯಾವ ಶಾಲೆಯದು, ಮುದ್ರಿಸಿದವರು ಯಾರು ಎಂಬ ನಾಲ್ಕು ಖಾನೆಗಳನ್ನು ತುಂಬದೆ ಅರ್ಜಿ ಕಳಿಸುವಂತಿಲ್ಲವಲ್ಲ.