ತಳಿ ಇರಲಿ, ಮೊದಲು ತಾಯಿಯನ್ನು ತೋರಿಸಿ

ಘಾಜಿಯಾಬಾದ್‌ನ ಇಂದಿರಾಪುರಂನಲ್ಲಿ ನೆಲೆಸಿರುವ ಧಾರವಾಡ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಒಂಬತ್ತನೇ ಮಹಡಿಯ ಫ್ಲ್ಯಾಟು. ನಾವಿಬ್ಬರೂ ನೌಕರಿಗೆ ಹೋಗುತ್ತೇವೆ. ಮನೆಯಲ್ಲಿ ಅತ್ತೆ ಮತ್ತು ಎಂಟು ವರ್ಷದ ಮಗ. ಮಗನಿಗೆ ಜೊತೆಯಾಗಬೇಕು, ಮನೆಗೆ ಕಾವಲೂ ಆಗಬೇಕು. ಯಾವ ತಳಿಯ ನಾಯಿ ತರೋಣ ಸರ್?’ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಎಂದು ಮೂರು ಹೆಸರನ್ನೂ ಅವರೇ ಬರೆದಿದ್ದಾರೆ.

ಮೂರನೆಯ ಹೆಸರು ಅವರ ಊರಿನಲ್ಲೇ ನಿಷೇಧದ ಪಟ್ಟಿ ಸೇರಿದ್ದು. 2022ರ ಸೆಪ್ಟೆಂಬರ್‌ನಲ್ಲಿ ಘಾಜಿಯಾಬಾದ್‌ನ ಸಂಜಯ್ ನಗರದಲ್ಲಿ ಆಟವಾಡುತ್ತಿದ್ದ ಬಾಲಕನ ಮುಖವನ್ನು ಪಿಟ್‌ಬುಲ್ ಒಂದು ಹರಿದುಹಾಕಿತು. ಹಾಕಿದ ಹೊಲಿಗೆಗಳು ನೂರಕ್ಕೂ ಹೆಚ್ಚು. ಅದೇ ತಿಂಗಳು ರಾಜ್ ನಗರ ಎಕ್ಸ್‌ಟೆನ್ಶನ್‌ನ ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ಸಾಕುನಾಯಿ ಹುಡುಗನಿಗೆ ಕಚ್ಚಿದ ವಿಡಿಯೊವನ್ನು ದೇಶವೇ ನೋಡಿತು. ಅಕ್ಟೋಬರ್‌ನಲ್ಲಿ ಅಲ್ಲಿನ ನಗರಪಾಲಿಕೆ ಪಿಟ್‌ಬುಲ್, ರಾಟ್‌ವೈಲರ್, ಡೋಗೊ ಅರ್ಜೆಂಟಿನೊ ಸಾಕುವುದನ್ನು ನಿಷೇಧಿಸುವ ತೀರ್ಮಾನ ಮಾಡಿತು. ಆಗಲೇ ಇದ್ದವಕ್ಕೆ ಎರಡು ತಿಂಗಳಲ್ಲಿ ಸಂತಾನಹರಣ ಚಿಕಿತ್ಸೆ, ಹೊರಗೆ ಬಂದರೆ ಬಾಯಿಗೆ ಕುಕ್ಕೆ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಈ ಪಟ್ಟಿಯನ್ನು 23 ತಳಿಗಳಿಗೆ ಹಿಗ್ಗಿಸಿ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಅದಕ್ಕೆ ಕೊಕ್ಕೆ ಹಾಕಿದವರಲ್ಲಿ ಮೊದಲಿಗರು ನಮ್ಮವರು: ಕರ್ನಾಟಕ ಹೈಕೋರ್ಟ್ ಒಂದೇ ವಾರದಲ್ಲಿ ತಡೆ ಕೊಟ್ಟು, ಏಪ್ರಿಲ್‌ನಲ್ಲಿ ಸುತ್ತೋಲೆಯನ್ನೇ ರದ್ದುಪಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂಬುದು ಮುಖ್ಯ ಕಾರಣ.

ಕಾನೂನು ಹಾಗಿರಲಿ. ತಳಿ ನೋಡಿ ನಾಯಿಯ ಗುಣ ಹೇಳಬಹುದೇ? ಘಾಜಿಯಾಬಾದ್ ಪಟ್ಟಿ ಮಾಡಿದ ವರ್ಷವೇ, ಅದಕ್ಕೆ ಆರು ತಿಂಗಳ ಮೊದಲು, ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರ ಬಂದಿತ್ತು. ಅಮೆರಿಕದ ಎಲಿನಾರ್ ಕಾರ್ಲ್‌ಸನ್, ಕ್ಯಾಥ್ಲೀನ್ ಮಾರಿಲ್ ಮತ್ತು ಸಂಗಡಿಗರು 18,385 ನಾಯಿಗಳ ಮಾಲೀಕರಿಂದ ಅವುಗಳ ನಡವಳಿಕೆಯ ವಿವರ ತರಿಸಿಕೊಂಡು, 2,155 ನಾಯಿಗಳ ಡಿಎನ್ಎ ಓದಿದರು. ಜಾಣತನವಿದ್ದದ್ದು ಬೆರಕೆ ನಾಯಿಗಳನ್ನೂ ಸೇರಿಸಿಕೊಂಡದ್ದರಲ್ಲಿ. ಬೆರಕೆ ನಾಯಿಯ ಮಾಲೀಕನಿಗೆ ಅದರ ಮೈಯಲ್ಲಿ ಯಾವ ತಳಿಯ ರಕ್ತ ಎಷ್ಟಿದೆ ಎಂಬುದು ಗೊತ್ತಿರುವುದಿಲ್ಲ. ಹಾಗಾಗಿ ‘ಲ್ಯಾಬ್ರಡಾರ್ ಅಲ್ಲವೇ, ಸಾಧುವೇ ಇರಬೇಕು’ ಎಂಬ ಪೂರ್ವಗ್ರಹ ಅವನ ಉತ್ತರಕ್ಕೆ ಅಂಟುವುದಿಲ್ಲ. ಫಲಿತಾಂಶ ಏನೆಂದರೆ, ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪ್ರಭಾವ ತುಸು ಹೆಚ್ಚು; ಕೆಣಕಿದರೆ ಎಷ್ಟು ಬೇಗ ಎರಗುತ್ತದೆ ಎಂಬ ಗುಣದಲ್ಲಂತೂ ಇಲ್ಲವೆನ್ನುವಷ್ಟು ಕಡಿಮೆ. ನಿಷೇಧದ ಪಟ್ಟಿಗಳೆಲ್ಲ ನಿಂತಿರುವುದು ಈ ಎರಡನೆಯ ಗುಣದ ಮೇಲೆ.

ಇದಕ್ಕೆ ಎದುರು ನಿಲ್ಲುವ ಅಧ್ಯಯನವೂ ಇದೆ. ಇವಾನ್ ಮ್ಯಾಕ್‌ಲೀನ್ ತಂಡ 2019ರಲ್ಲಿ 101 ತಳಿಗಳನ್ನು ಹೋಲಿಸಿ, ತಳಿಗಳ ಸರಾಸರಿ ಸ್ವಭಾವದ ವ್ಯತ್ಯಾಸಕ್ಕೂ ಜೀನುಗಳಿಗೂ ಗಟ್ಟಿ ನಂಟಿದೆ ಎಂದು ತೋರಿಸಿತು. ಎರಡೂ ಸರಿಯಾಗಿರಲು ಸಾಧ್ಯ, ಏಕೆಂದರೆ ಮ್ಯಾಕ್‌ಲೀನ್ ತಂಡ ಅಳೆದದ್ದು ಸರಾಸರಿಯನ್ನು. ನೀವು ಮನೆಗೆ ತರುವುದು ಸರಾಸರಿಯನ್ನಲ್ಲ, ಒಂದು ಮರಿಯನ್ನು.

ಅಷ್ಟಕ್ಕೂ ತಳಿಗಳ ವಯಸ್ಸೆಷ್ಟು? ನಾಯಿ ಮನುಷ್ಯನ ಬೆನ್ನು ಹತ್ತಿ ಹದಿನೈದು ಸಾವಿರ ವರ್ಷವಾದರೂ ಆಗಿದೆ. ನಾವಿಂದು ತಳಿ ಎನ್ನುವುದರಲ್ಲಿ ಬಹುಪಾಲು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಶೋಕಿಯ ಕೂಸು. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ನಾಯಿಗಳ ಪ್ರದರ್ಶನ, 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್. ಅಲ್ಲಿಂದ ಮುಂದೆ ಕಿವಿಯ ಬಾಗು, ಬಾಲದ ಡೊಂಕು, ಮೈಬಣ್ಣ ನೋಡಿ ಜೋಡಿ ಕಟ್ಟಿದರು. ರೂಪಕ್ಕಾಗಿ ಆರಿಸಿದ್ದರಿಂದ ರೂಪ ಸಿಕ್ಕಿತು. ನೂರೈವತ್ತು ವರ್ಷದಲ್ಲಿ ಸ್ವಭಾವವೂ ಅಷ್ಟೇ ಅಚ್ಚುಕಟ್ಟಾಗಿ ಹೊರಬರಲು ಯಾರೂ ಅದನ್ನು ಅಷ್ಟೇ ಶ್ರದ್ಧೆಯಿಂದ ಆರಿಸಲಿಲ್ಲ.

ಕಾವಲಿಗೆಂದೇ ಹುಟ್ಟಿಸಿದ ತಳಿ ಇಲ್ಲವೇ? ಇದೆ. ಜರ್ಮನಿಯ ಅಪೋಲ್ಡಾ ಊರಿನ ಲೂಯಿ ಡಾಬರ್‌ಮನ್ ಎಂಬಾತ ತೆರಿಗೆ ವಸೂಲಿಗೆ ಹೋಗುವವನು, ಮೇಲಾಗಿ ಊರಿನ ಬಿಡಾಡಿ ನಾಯಿಗಳನ್ನು ಹಿಡಿಯುವವನು. ಹತ್ತೊಂಬತ್ತನೇ ಶತಮಾನದ ಕೊನೆಗೆ, ಹಣದ ಚೀಲದ ಜೊತೆ ಓಡಾಡಲು ತನಗೆ ಬೇಕಾದಂಥ ನಾಯಿಯನ್ನು ಅವನೇ ಬೆರಕೆ ಮಾಡಿ ತಯಾರಿಸಿದ. ತೆರಿಗೆಯವರನ್ನು ಕಂಡರೆ ಜನಕ್ಕೆ ಎಷ್ಟು ಪ್ರೀತಿ ಎಂಬುದಕ್ಕೆ ಡಾಬರ್‌ಮನ್ ಜೀವಂತ ಸಾಕ್ಷಿ.

ಈಗ ನನ್ನ ಮೆಚ್ಚಿನ ಪ್ರಯೋಗಕ್ಕೆ ಬರುತ್ತೇನೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮರಿಗಳನ್ನು ಹುಟ್ಟಿನಿಂದಲೇ ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಅಲ್ಲಿನದೇ ಒಂದು ಪ್ರಯೋಗ 1961ರಲ್ಲಿ ಪ್ರಕಟವಾಗಿತ್ತು. ಎತ್ತರದ ಬೇಲಿಯೊಳಗೆ, ಮನುಷ್ಯರ ಮುಖವೇ ಕಾಣದಂತೆ ಮರಿಗಳನ್ನು ತಾಯಿಯ ಜೊತೆ ಬಿಟ್ಟರು. ಕೆಲವನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೇ ವಾರದಲ್ಲಿ ಒಳತಂದು, ಒಂದೇ ವಾರ ಎತ್ತಿ ಆಡಿಸಿ ಮತ್ತೆ ಬೇಲಿಯೊಳಗೆ ಬಿಟ್ಟರು. ಕೆಲವನ್ನು ಹದಿನಾಲ್ಕನೇ ವಾರದವರೆಗೂ ಮುಟ್ಟಲೇ ಇಲ್ಲ. ಐದರಿಂದ ಒಂಬತ್ತನೇ ವಾರದ ನಡುವೆ ಆ ಒಂದು ವಾರದ ಮುದ್ದು ಕಂಡ ಮರಿಗಳು ಮನುಷ್ಯರಿಗೆ ಸಲೀಸಾಗಿ ಹೊಂದಿಕೊಂಡವು. ಹದಿನಾಲ್ಕು ವಾರ ಮುಟ್ಟದೆ ಬಿಟ್ಟವು ಕಾಡುಪ್ರಾಣಿಗಳಾಗಿದ್ದವು. ಆಮೇಲೆ ಎಷ್ಟು ಮುದ್ದಿಸಿದರೂ ಹತ್ತಿರ ಬರಲಿಲ್ಲ. ಇವು ನಿಷೇಧದ ತಳಿಗಳಲ್ಲ, ಕಾಕರ್ ಸ್ಪೇನಿಯಲ್ ಮತ್ತು ಬೀಗಲ್, ಸಾಧುವೆಂದು ಹೆಸರಾದವು.

ಹೆಪ್ಪು ಹಾಕುವವರಿಗೆ ಇದು ಕೂಡಲೇ ಅರ್ಥವಾದೀತು. ಹಾಲು ಗಿರ್ ಹಸುವಿನದೋ ಜರ್ಸಿಯದೋ ಎಂಬುದರಿಂದ ಮೊಸರಿನ ರುಚಿ, ಗಟ್ಟಿತನ ಬದಲಾಗುತ್ತದೆ, ನಿಜ. ಆದರೆ ಮೊಸರಾಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಹೆಪ್ಪು ಬಿದ್ದ ಹೊತ್ತಿನ ಹದ. ಕುದಿಯುವಾಗ ಹಾಕಿದರೆ ಒಡೆಯುತ್ತದೆ. ಡೆಲ್ಲಿ ಕಡೆಯ ಜನವರಿ ಚಳಿಯಲ್ಲಿ ತಣ್ಣಗಾದ ಮೇಲೆ ಹಾಕಿದರೆ ಬೆಳಿಗ್ಗೆಯೂ ಹಾಲೇ. ಬೆಚ್ಚಗಿರುವ ಆ ಒಂದಿಷ್ಟು ಹೊತ್ತು ತಪ್ಪಿದರೆ ಆಮೇಲೆ ಎರಡು ಚಮಚ ಹೆಚ್ಚು ಹಾಕಿ ಪ್ರಯೋಜನವಿಲ್ಲ. ನಾಯಿಮರಿಯ ಉಗುರುಬೆಚ್ಚಗಿನ ಹೊತ್ತು ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ. ಅಷ್ಟರಲ್ಲಿ ಅದು ಯಾರನ್ನು ಕಂಡಿತೋ ಅವರು ತನ್ನವರು.

ಕಾವಲಿನ ಗುಟ್ಟೂ ಇಲ್ಲೇ ಇದೆ. ಅಮೆರಿಕದ ರೇಮಂಡ್ ಕಾಪಿಂಜರ್ ದಂಪತಿ 1970ರ ದಶಕದ ಕೊನೆಯಿಂದ ಕುರಿ ಕಾಯುವ ನಾಯಿಗಳನ್ನು ಬೆನ್ನುಹತ್ತಿ ಅಭ್ಯಾಸ ಮಾಡಿದರು. ಮರಿಯನ್ನು ಎಳೆಯದಾಗಿರುವಾಗಲೇ ಕುರಿಗಳ ಜೊತೆ ಬಿಟ್ಟರೆ ಮಾತ್ರ ಅದು ಕುರಿಯನ್ನು ತನ್ನ ಬಳಗವೆಂದು ಕಾಯುತ್ತದೆ ಎಂಬುದು ಅವರು ಕಂಡುಕೊಂಡದ್ದು. ನಮ್ಮ ಕುರಿಗಾಹಿಗಳಿಗೆ ಇದು ಹೊಸ ಸುದ್ದಿಯೇನಲ್ಲ.

ಹಾಗಾದರೆ ಪಿಟ್‌ಬುಲ್ ಮೇಲಿನದೆಲ್ಲ ಅಪವಾದವೇ? ಅಷ್ಟು ಸುಲಭವಲ್ಲ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ಕಚ್ಚಿ ಸತ್ತ 238 ಪ್ರಕರಣಗಳನ್ನು ನೋಡಿದಾಗ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಪಿಟ್‌ಬುಲ್ ಬಗೆಯವು ಮತ್ತು ರಾಟ್‌ವೈಲರ್ ಇದ್ದವು. ಇನ್ನೊಂದೆಡೆ, 2008ರಲ್ಲಿ ಜೇಮ್ಸ್ ಸರ್ಪೆಲ್ ತಂಡ ಮಾಲೀಕರನ್ನು ವಿಚಾರಿಸಿದಾಗ ಮನುಷ್ಯರ ಮೇಲೆ ಹಾಯುವುದರಲ್ಲಿ ಮುಂದಿದ್ದದ್ದು ಡ್ಯಾಶ್‌ಹಂಡ್, ಚಿವಾವಾದಂಥ ಪುಟಾಣಿಗಳು. ಚಿವಾವಾ ಕಚ್ಚಿದರೆ ಬ್ಯಾಂಡೇಜ್ ಸಾಕು, ರಾಟ್‌ವೈಲರ್ ಕಚ್ಚಿದರೆ ಆಪರೇಷನ್ ಥಿಯೇಟರ್ ಬೇಕು. ದವಡೆಯ ಅಳತೆಯನ್ನು ಯಾವ ಮುದ್ದೂ ಕಡಿಮೆ ಮಾಡುವುದಿಲ್ಲ. ಆದ್ದರಿಂದ, ಹಗಲೆಲ್ಲ ಅಜ್ಜಿ, ಮೊಮ್ಮಗ ಇಬ್ಬರೇ ಇರುವ ಫ್ಲ್ಯಾಟಿಗೆ ನಲವತ್ತೈವತ್ತು ಕಿಲೋ ತೂಗುವ ನಾಯಿ ಬೇಡವೆಂದೇ ನಾನೂ ಹೇಳುತ್ತೇನೆ. ಪಟ್ಟಿ ಮಾಡಿ ನಿಷೇಧಿಸುವುದರಲ್ಲಿ ನಂಬಿಕೆಯಿಲ್ಲ: ಅಮೆರಿಕದ ನಾಲ್ಕು ನಾಯಿಧಾಮಗಳಲ್ಲಿ 120 ನಾಯಿಗಳನ್ನು ತೋರಿಸಿದಾಗ ಸಿಬ್ಬಂದಿಯಲ್ಲಿ ಒಬ್ಬರಾದರೂ ಪಿಟ್‌ಬುಲ್ ಎಂದದ್ದು 62ಕ್ಕೆ, ಡಿಎನ್ಎ ಹಾಗೆ ಹೇಳಿದ್ದು 25ಕ್ಕೆ ಮಾತ್ರ. ದಿನವೂ ನಾಯಿಗಳ ನಡುವೆ ಇರುವವರ ಪಾಡೇ ಇದಾದರೆ, ಪಾಲಿಕೆಯ ಗುಮಾಸ್ತ ಏನು ಮಾಡಿಯಾನು?

ಊರ ಅಭಿಮಾನದಿಂದ ಮುಧೋಳ ನಾಯಿಯನ್ನು ಕೇಳುವವರಿಗೂ ಒಂದು ಮಾತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆಚೀಟಿಯಾಯಿತು, ಸೇನೆಯ ತರಬೇತಿಗೆಂದು ಘಾಜಿಯಾಬಾದ್ ಮಗ್ಗುಲಿನ ಮೀರತ್‌ಗೂ ಹೋಗಿಬಂತು. ಹೆಮ್ಮೆ ಸರಿ. ಆದರೆ ಅದು ಕಣ್ಣಿಂದ ಬೇಟೆ ಹುಡುಕಿ ಮೈಲಿಗಟ್ಟಲೆ ಓಡುವ ಪ್ರಾಣಿ. ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಅದನ್ನು ಕಟ್ಟುವುದು ಅನ್ಯಾಯ. ಹಿಮದ ನಾಡಿನ ಹಸ್ಕಿಯನ್ನು ಘಾಜಿಯಾಬಾದ್‌ನ 45 ಡಿಗ್ರಿ ಮೇ ತಿಂಗಳಿಗೆ ತರುವವರ ಬಗ್ಗೆ ಬರೆಯಲು ಹೊರಟರೆ ಸಂಪಾದಕರು ಕತ್ತರಿ ಹಾಕಬೇಕಾದಂಥ ಮಾತು ಬರುತ್ತದೆ.

ಓದುಗರಿಗೆ ನನ್ನ ಉತ್ತರ: ನಮ್ಮ ಬೀದಿಯ ಕಂತ್ರಿ ನಾಯಿಯ ಮರಿ, ಇಲ್ಲವೇ ತಾಯಿಯನ್ನು ತೋರಿಸಬಲ್ಲವರಿಂದ ತಂದ ಲ್ಯಾಬ್ರಡಾರ್. ಕಾವಲಿಗೆ ಬೊಗಳುವ ನಾಯಿ ಸಾಕು, ಕಚ್ಚುವುದು ಬೇಕಿಲ್ಲ. ತಾಯಿ ನಿಮ್ಮನ್ನು ಕಂಡು ಬಾಲ ಅಲ್ಲಾಡಿಸುತ್ತದೋ ಮೂಲೆ ಸೇರುತ್ತದೋ ನೋಡಿ. ಎಂಟು ವಾರ ತುಂಬದ ಮರಿಯನ್ನು ಮಾರುವುದು 2017ರ ನಿಯಮದ ಪ್ರಕಾರ ತಪ್ಪು. ಅಂಥದ್ದನ್ನು ಮುಂದೊಡ್ಡುವವರಿಂದ ಕೊಳ್ಳಬೇಡಿ. ತಂದ ಮೇಲೆ ‘ಲಸಿಕೆಯೆಲ್ಲ ಮುಗಿಯಲಿ’ ಎಂದು ಮೂರು ತಿಂಗಳು ಒಳಗೇ ಕೂಡಿಹಾಕಬೇಡಿ, ಹದ ಮೀರಿಹೋಗುತ್ತದೆ. ನೆಲಕ್ಕೆ ಬಿಡದೆ ತೋಳಲ್ಲಿ ಎತ್ತಿಕೊಂಡು ಲಿಫ್ಟು, ವಾಚ್‌ಮನ್, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಪಕ್ಕದ ಮನೆ ಮಕ್ಕಳು, ಕುಕ್ಕರಿನ ಸೀಟಿ ಎಲ್ಲವನ್ನೂ ಪರಿಚಯಿಸಿ.

ಹುಚ್ಚುನಾಯಿ ರೋಗದ ಲಸಿಕೆಯನ್ನಂತೂ ಮರೆಯಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಇದೇ ಘಾಜಿಯಾಬಾದ್‌ನ ವಿಜಯ ನಗರದಲ್ಲಿ 14 ವರ್ಷದ ಹುಡುಗನೊಬ್ಬ ರೇಬೀಸ್‌ನಿಂದ ತೀರಿಕೊಂಡ. ನಾಯಿ ಕಚ್ಚಿ ತಿಂಗಳು ದಾಟಿತ್ತು. ಹೆದರಿ ಮನೆಯಲ್ಲಿ ಹೇಳಿರಲಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ಕಾಯಿಲೆಗೆ ಮದ್ದಿಲ್ಲ. ನಾಯಿ ಕಚ್ಚಿದರೆ, ಪರಚಿದರೆ, ಅದು ಯಾವ ತಳಿಯದೇ ಇರಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿಸಿ. ಬಂದು ಹೇಳಿದ ಮಗುವನ್ನು ಬೈಯಬೇಡಿ.