ಅಳಿವೆಯ ಹಕ್ಕಿಗಳೂ ಕಯಾಕ್ ದೋಣಿಯ ಛಾಯಾಗ್ರಹಣವೂ

ನದಿಯು ಕಡಲನ್ನು ಕೂಡುವ ಎಡೆಗೆ ಅಳಿವೆಯೆಂದು ಹೆಸರು. ಅಲ್ಲಿ ಸಿಹಿನೀರೂ ಉಪ್ಪುನೀರೂ ದಿನಕ್ಕೆರಡು ಬಾರಿ ಒಂದನ್ನೊಂದು ನೂಕುತ್ತವೆ. ನೆಲವು ದಿನಕ್ಕೆರಡು ಬಾರಿ ನೀರಿನಡಿಯಲ್ಲಿ ಮುಳುಗಿ ಮತ್ತೆ ಮೇಲೇಳುತ್ತದೆ. ಇಂತಹ ತಾಣದ ಹಕ್ಕಿಗಳ ಛಾಯಾಚಿತ್ರವನ್ನು ತೆಗೆಯಬಯಸುವವನಿಗೆ ಮೂರು ತೊಡಕುಗಳುಂಟು. ದಡದಲ್ಲಿ ನಿಂತರೆ ಹಕ್ಕಿಯು ಬಹು ದೂರದಲ್ಲಿರುತ್ತದೆ; ಕೆಸರಿನಲ್ಲಿ ನಡೆದರೆ ಕಾಲು ಹೂತುಹೋಗುತ್ತದೆ; ಯಂತ್ರದ ದೋಣಿಯೇರಿದರೆ ಅದರ ಸದ್ದಿಗೆ ಹಕ್ಕಿಗಳೆಲ್ಲ ಹಾರಿಹೋಗುತ್ತವೆ. ಈ ಮೂರನ್ನೂ ಒಮ್ಮೆಗೇ ಪರಿಹರಿಸಬಲ್ಲ ಸಾಧನವೆಂದರೆ ಕಯಾಕ್ ಎಂಬ ಪುಟ್ಟ ದೋಣಿ. ಅದನ್ನು ಬಳಸುವ ಬಗೆಯನ್ನೂ, ಆ ಬಳಕೆಗೆ ಇರಬೇಕಾದ ಮಿತಿಯನ್ನೂ ಇಲ್ಲಿ ವಿಚಾರಿಸೋಣ.

ಬೇಟೆಗಾರನ ದೋಣಿ

ಕಯಾಕ್ ಎಂಬುದು ಉತ್ತರ ಧ್ರುವದ ಅಂಚಿನ ಶೀತಪ್ರದೇಶದಲ್ಲಿ ವಾಸಿಸುವ ಇನುಯಿಟ್ ಮೊದಲಾದ ಜನರು ಬೇಟೆಗೆಂದೇ ನಿರ್ಮಿಸಿಕೊಂಡ ದೋಣಿ. ಕಡಲಿನಲ್ಲಿ ತೇಲಿಬಂದ ಮರದಿಂದಲೋ ತಿಮಿಂಗಿಲದ ಎಲುಬಿನಿಂದಲೋ ಹಂದರವನ್ನು ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸುತ್ತಿದ್ದರು. ಇಂದಿನ ಕಯಾಕುಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು. ಆದರೆ ಆಕಾರವು ಹಿಂದಿನದೇ. ಉದ್ದವಾಗಿ, ಕಿರಿದಾಗಿ, ನೀರಿಗೆ ತೀರ ತಗ್ಗಾಗಿರುವ ಈ ದೋಣಿಯನ್ನು ಎರಡು ತುದಿಗಳಲ್ಲಿಯೂ ಅಲಗುಳ್ಳ ಒಂದೇ ಹುಟ್ಟಿನಿಂದ ಸದ್ದಿಲ್ಲದೆ ನಡೆಸಬಹುದು. ಗೇಣುದ್ದ ನೀರಿದ್ದರೂ ಇದು ತೇಲಬಲ್ಲುದು.

ಬೇಟೆಯ ಉಪಾಯವೇ ಛಾಯಾಗ್ರಹಣದ ಉಪಾಯವಾಗಿ ಮಾರ್ಪಟ್ಟುದಕ್ಕೆ ಚರಿತ್ರೆಯಲ್ಲಿ ಪ್ರಸಿದ್ಧ ನಿದರ್ಶನವಿದೆ. ಅಮೆರಿಕದ ಜಾರ್ಜ್ ಶಿರಾಸ್ ಎಂಬಾತನು ಮಿಚಿಗನ್ ಪ್ರಾಂತದ ಸರೋವರಗಳಲ್ಲಿ ಕೆನೂ ಎಂಬ ಹಗುರ ದೋಣಿಯ ಮುಂಬದಿಗೆ ದೀಪವನ್ನಿರಿಸಿಕೊಂಡು, ಇರುಳಿನಲ್ಲಿ ದಡಕ್ಕೆ ಬಂದ ಜಿಂಕೆಗಳನ್ನು ಸಮೀಪಿಸುತ್ತಿದ್ದನು. ಮೊದಲು ಬಂದೂಕಿಗೆ ನೆರವಾಗಿದ್ದ ಈ ವಿಧಾನವನ್ನು ಅವನು ಕ್ಯಾಮರಾಕ್ಕೆ ಅಳವಡಿಸಿದನು. ಅವನ ಚಿತ್ರಗಳು ೧೯೦೬ರ ಜುಲೈ ತಿಂಗಳ ‘ನ್ಯಾಷನಲ್ ಜಿಯೋಗ್ರಾಫಿಕ್’ ಪತ್ರಿಕೆಯಲ್ಲಿ ಪ್ರಕಟವಾದವು.

ಉಬ್ಬರವೇ ಗಡಿಯಾರ

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ತಕ್ಕ ಜಾಗಗಳಲ್ಲಿ ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯೂ ಒಂದು. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ ಈ ನದಿಯು ಕುಮಟಾ ತಾಲ್ಲೂಕಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಕಾಂಡ್ಲಾ ಗಿಡಗಳು, ಕಗ್ಗ ಭತ್ತವನ್ನು ಬೆಳೆಯುವ ಗಜನಿ ಭೂಮಿ, ಚಿಪ್ಪುಜೀವಿಗಳಿಂದ ತುಂಬಿದ ಕೆಸರುಬಯಲು ಇವೆಲ್ಲವೂ ಇಲ್ಲಿವೆ. ೨೦೨೪ರಲ್ಲಿ ಈ ಅಳಿವೆಯು ರಾಮ್ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ ಸೇರಿತು.

ಇಂತಹ ಎಡೆಯಲ್ಲಿ ದೋಣಿಯನ್ನಿಳಿಸುವ ಮೊದಲು ಉಬ್ಬರವಿಳಿತಗಳ ನಡೆಯನ್ನು ಅರಿತಿರಬೇಕು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷಗಳ ಅಂತರವಿರುತ್ತದೆ. ಆದುದರಿಂದ ದಿನದಿನಕ್ಕೂ ಉಬ್ಬರವು ಸುಮಾರು ೫೦ ನಿಮಿಷ ತಡವಾಗುತ್ತದೆ. ಹದಿನೈದು ದಿನಗಳಲ್ಲಿ ಈ ತಡವು ಒಟ್ಟುಗೂಡಿ ಹೆಚ್ಚುಕಡಿಮೆ ಹನ್ನೆರಡೂವರೆ ಗಂಟೆಯಾಗುವುದರಿಂದ, ಬೆಳಗಿನ ಉಬ್ಬರವು ಪಕ್ಷಕ್ಕೊಮ್ಮೆ ಸುಮಾರು ಅದೇ ವೇಳೆಗೆ ಮರಳುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತಗಳು ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಮೆ. ನೀರು ಏರುವ ಆರು ಗಂಟೆಗಳಲ್ಲಿ ಏರಿಕೆಯು ಒಂದೇ ಸಮನಾಗಿರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಗಂಟೆಗಂಟೆಗೆ ಸ್ಥೂಲವಾಗಿ ೧, ೨, ೩, ೩, ೨, ೧ ಪಾಲುಗಳಂತೆ ನೀರು ಏರುತ್ತದೆಂದು ನಾವಿಕರು ಎಣಿಸುತ್ತಾರೆ. ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಸೆಳೆತ ಹೆಚ್ಚೆಂಬುದು ಇದರಿಂದ ತಿಳಿಯುತ್ತದೆ.

ಛಾಯಾಗ್ರಾಹಕನಿಗೆ ಇಳಿತಕ್ಕಿಂತ ಉಬ್ಬರವೇ ಹಿತ. ಇಳಿಯುವ ನೀರಿನಲ್ಲಿ ದೋಣಿಯು ಕೆಸರಿನ ಮೇಲೆ ಕುಳಿತುಬಿಡಬಹುದು. ಇಲ್ಲವೇ ಸೆಳೆತವು ಅದನ್ನು ನದೀಮುಖದ ಕಡೆಗೆ ಒಯ್ಯಬಹುದು. ಏರುವ ನೀರಿನಲ್ಲಿಯಾದರೋ ದೋಣಿ ಸಿಕ್ಕಿಕೊಂಡರೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಬಿಡುಗಡೆಯಾಗುತ್ತದೆ. ಅಷ್ಟೇ ಅಲ್ಲದೆ, ನೀರು ಏರಿದಂತೆಲ್ಲ ಕೆಸರುಬಯಲು ಕುಗ್ಗುತ್ತ ಬರುವುದರಿಂದ ಮೇಯುವ ಹಕ್ಕಿಗಳು ಸರಿದು ಬರುತ್ತವೆ. ತಕ್ಕ ಎಡೆಯಲ್ಲಿ ಅಲುಗದೆ ಕಾದಿರುವವನನ್ನು ಹಕ್ಕಿಯೇ ಸಮೀಪಿಸುವ ಸಂಭವವುಂಟು. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬಲಿಯುವುದರಿಂದ ಬೆಳಗಿನ ವೇಳೆಯೇ ಉತ್ತಮ. ಮಳೆಗಾಲದಲ್ಲಿ ಈ ಸಾಹಸವು ಸಲ್ಲದು. ತೇಲುಕವಚವನ್ನು ಧರಿಸದೆ, ಊರಿನ ದೋಣಿಗಾರರನ್ನು ವಿಚಾರಿಸದೆ, ಒಂಟಿಯಾಗಿ ಎಂದೂ ಹೊರಡತಕ್ಕದ್ದಲ್ಲ.

ತಗ್ಗಿನ ನೋಟ, ತೂಗುವ ಆಸನ

ಕಯಾಕಿನಲ್ಲಿ ಕುಳಿತವನ ಕ್ಯಾಮರಾ ನೀರಿನಿಂದ ಸುಮಾರು ಮುಕ್ಕಾಲು ಮೀಟರ್ ಎತ್ತರದಲ್ಲಿರುತ್ತದೆ. ಇದರ ಲಾಭವನ್ನು ಸುಲಭವಾದ ಲೆಕ್ಕದಿಂದ ಅರಿಯಬಹುದು. ಇಪ್ಪತ್ತು ಮೀಟರ್ ದೂರದಲ್ಲಿ, ಕೆಸರಿನಿಂದ ೩೦ ಸೆಂಟಿಮೀಟರ್ ಎತ್ತರದಲ್ಲಿ ಹಕ್ಕಿಯ ತಲೆಯಿದೆಯೆನ್ನೋಣ. ಎರಡೂವರೆ ಮೀಟರ್ ಎತ್ತರದಿಂದ ನೋಡಿದರೆ, ತಲೆಯನ್ನು ಹಾದುಹೋಗುವ ದೃಷ್ಟಿರೇಖೆಯು ಹಕ್ಕಿಯ ಹಿಂದೆ ಮೂರು ಮೀಟರಿಗಿಂತ ಕಡಮೆ ದೂರದಲ್ಲಿಯೇ ನೆಲವನ್ನು ಮುಟ್ಟುತ್ತದೆ. ಮುಕ್ಕಾಲು ಮೀಟರ್ ಎತ್ತರದಿಂದ ನೋಡಿದರೆ ಅದೇ ರೇಖೆಯು ಹದಿಮೂರು ಮೀಟರ್ ಆಚೆಗೆ ಮುಟ್ಟುತ್ತದೆ. ಹಿನ್ನೆಲೆಯು ದೂರವಾದಷ್ಟೂ ಮಸೂರದಲ್ಲಿ ಅದು ಮಸುಕಾಗಿ, ಹಕ್ಕಿಯು ಸ್ಪಷ್ಟವಾಗಿ ಎದ್ದು ಕಾಣುತ್ತದೆ.

ಆದರೆ ದೋಣಿಯು ತೂಗುವ ಆಸನ. ೪೦೦ ಮಿಲಿಮೀಟರ್ ಸಂಗಮದೂರದ ಮಸೂರವೂ, ೩೬ ಮಿಲಿಮೀಟರ್ ಅಗಲ ೨೪ ಮಿಲಿಮೀಟರ್ ಎತ್ತರದ ಚಿತ್ರಫಲಕವೂ ಇದ್ದರೆ, ಇಪ್ಪತ್ತು ಮೀಟರ್ ದೂರದಲ್ಲಿ ಕ್ಯಾಮರಾಕ್ಕೆ ಕಾಣುವುದು ೧.೮ ಮೀಟರ್ ಅಗಲ, ೧.೨ ಮೀಟರ್ ಎತ್ತರದ ಕ್ಷೇತ್ರ ಮಾತ್ರ. ಕ್ಯಾಮರಾ ಒಂದು ಡಿಗ್ರಿ ಮೇಲೆ ಕೆಳಗೆ ವಾಲಿದರೆ ಗುರಿಯು ೩೫ ಸೆಂಟಿಮೀಟರ್ ಸರಿದು, ಹಕ್ಕಿಯು ಚೌಕಟ್ಟಿನಿಂದ ಜಾರಬಹುದು. ಕ್ಯಾಮರಾ ಸೆಕೆಂಡಿಗೆ ಎರಡು ಡಿಗ್ರಿಯಂತೆ ವಾಲುತ್ತಿದ್ದು, ಕವಾಟವು ೧/೧೦೦ ಸೆಕೆಂಡು ತೆರೆದಿದ್ದರೆ, ಫಲಕದ ಮೇಲೆ ಬಿಂಬವು ೦.೧೪ ಮಿಲಿಮೀಟರ್ ಸರಿಯುತ್ತದೆ. ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿದಾಗ ಈ ಕಲೆಯು ೧.೪ ಮಿಲಿಮೀಟರ್ ಆಗಿ ಕಣ್ಣಿಗೆ ರಾಚುತ್ತದೆ. ೧/೧೦೦೦ ಸೆಕೆಂಡಿನಲ್ಲಿ ತೆಗೆದರೆ ಅದು ಹತ್ತನೆಯ ಒಂದು ಪಾಲಿಗೆ ಇಳಿದು, ಕಣ್ಣಿಗೆ ತೋರುವುದೇ ಇಲ್ಲ. ದೋಣಿಯೇ ಅಲುಗುವಾಗ ಮುಕ್ಕಾಲಿಯಿಂದ ಪ್ರಯೋಜನವಿಲ್ಲ. ಮೊಣಕೈಗಳನ್ನು ಮೈಗೊತ್ತಿಕೊಂಡು, ದೋಣಿಯು ಒಂದು ಬದಿಗೆ ವಾಲಿ ಹಿಂದಿರುಗುವ ಮುನ್ನ ನಿಂತಂತಾಗುವ ಕ್ಷಣದಲ್ಲಿ ಗುಂಡಿಯನ್ನೊತ್ತುವುದೇ ಸರಿಯಾದ ಅಭ್ಯಾಸ.

ಕಪ್ಪು ಕೆಸರಿನ ಮೇಲೆ ಬೆಳ್ಳಕ್ಕಿಯಿದ್ದರೆ ಮತ್ತೊಂದು ಎಚ್ಚರ ಬೇಕು. ಬೆಳಕಿನ ಮಾಪಕವು ಕೆಸರಿನ ಕಪ್ಪನ್ನೇ ಹೆಚ್ಚಾಗಿ ಲೆಕ್ಕಿಸಿ ಹೆಚ್ಚು ಬೆಳಕನ್ನು ಒಳಬಿಡುವುದರಿಂದ ಗರಿಗಳ ವಿವರವು ಅಳಿಸಿಹೋಗುತ್ತದೆ. ಮಾಪಕವು ಹೇಳಿದುದಕ್ಕಿಂತ ಕಡಮೆ ಬೆಳಕನ್ನು ಕೊಡತಕ್ಕದ್ದು. ಉಪ್ಪುನೀರಿನ ಹನಿಯು ಒಣಗಿದ ಮೇಲೂ ಉಪ್ಪು ಉಳಿದು, ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುವುದರಿಂದ, ದಡ ಸೇರಿದೊಡನೆ ಉಪಕರಣವನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು.

ಹಕ್ಕಿಯ ಹೊತ್ತು

ಉಪಕರಣಗಳ ವಿಚಾರಕ್ಕಿಂತ ಮುಖ್ಯವಾದುದು ಹಕ್ಕಿಯ ಜೀವನಕ್ರಮದ ತಿಳಿವಳಿಕೆ. ಉದ್ದನೆಯ ಬಾಗಿದ ಕೊಕ್ಕಿನ ಕರ್ಲ್ಯೂ ಹಕ್ಕಿಯು ಕೆಸರಿನೊಳಗಿನ ಹುಳುವನ್ನು ಕಾಣದೆಯೇ ಹಿಡಿಯುತ್ತದೆ. ಅದರ ಕೊಕ್ಕಿನ ತುದಿಯಲ್ಲಿ ಸ್ಪರ್ಶವನ್ನರಿಯುವ ಸೂಕ್ಷ್ಮ ಅಂಗಗಳಿವೆ. ಗಿಡ್ಡ ಕೊಕ್ಕಿನ, ದೊಡ್ಡ ಕಣ್ಣಿನ ಪ್ಲೋವರ್ ಹಕ್ಕಿಯಾದರೋ ಕಣ್ಣನ್ನೇ ನಂಬಿ ಬದುಕುತ್ತದೆ. ಅದು ನಾಲ್ಕು ಹೆಜ್ಜೆ ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ನೋಡುತ್ತದೆ, ಕುಕ್ಕುತ್ತದೆ. ಇದನ್ನರಿತವನು ಓಟವನ್ನು ಬೆನ್ನಟ್ಟದೆ ನಿಲುವಿಗಾಗಿ ಕಾಯುತ್ತಾನೆ.

ಈ ಹಕ್ಕಿಗಳಲ್ಲಿ ಅನೇಕವು ಹಿಮಾಲಯದಾಚೆಯ ಶೀತಪ್ರದೇಶಗಳಲ್ಲಿ ಮರಿಮಾಡಿ, ಚಳಿಗಾಲವನ್ನು ನಮ್ಮ ಕರಾವಳಿಯಲ್ಲಿ ಕಳೆದು, ಬೇಸಗೆಯಲ್ಲಿ ಮರಳಿಹೋಗುವ ವಲಸಿಗರು. ಹಿಂದಿರುಗುವ ಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಅವು ಇಲ್ಲಿಯೇ ಕೂಡಿಟ್ಟುಕೊಳ್ಳಬೇಕು. ಆದರೆ ಅವುಗಳ ಊಟದ ಬಯಲು ನೀರಿಳಿದಾಗ ಮಾತ್ರ ತೆರೆದಿರುತ್ತದೆ. ಹಗಲಿನ ಒಂದು ಇಳಿತದಲ್ಲಿ ಬಯಲು ಆರು ಗಂಟೆ, ಅಂದರೆ ೩೬೦ ನಿಮಿಷ, ತೆರೆದಿದೆಯೆನ್ನೋಣ. ಹತ್ತು ದೋಣಿಗಳು ಒಂದಾದ ಮೇಲೊಂದು ಬಂದು, ಪ್ರತಿಯೊಂದೂ ಹಕ್ಕಿಗಳನ್ನು ಹಾರಿಸಿ ಹತ್ತು ನಿಮಿಷ ಮೇಯದಂತೆ ಮಾಡಿದರೆ, ನೂರು ನಿಮಿಷಗಳು ನಷ್ಟವಾದವು. ಆ ಹೊತ್ತಿನ ಊಟದಲ್ಲಿ ಕಾಲುಭಾಗಕ್ಕೂ ಹೆಚ್ಚು ಹೋಯಿತು; ಹಾರಾಟಕ್ಕೆ ವ್ಯಯವಾದ ಶಕ್ತಿಯು ಬೇರೆ. ಹತ್ತು ಮಂದಿಯಲ್ಲಿ ಪ್ರತಿಯೊಬ್ಬನೂ ತಾನು ಮಾಡಿದ ಅಡ್ಡಿಯು ಅತ್ಯಲ್ಪವೆಂದೇ ಭಾವಿಸಿರುತ್ತಾನೆ!

ಆದಕಾರಣ ಹಕ್ಕಿಯ ಕಡೆಗೆ ನೇರವಾಗಿ ಹುಟ್ಟುಹಾಕಕೂಡದು. ಓರೆಯಾಗಿ ಸಾಗಿ, ಸಾಕಷ್ಟು ದೂರದಲ್ಲಿಯೇ ಹುಟ್ಟನ್ನು ನಿಲ್ಲಿಸಿ, ದೋಣಿಯನ್ನು ನೀರಿನ ಸೆಳೆತಕ್ಕೆ ಬಿಡಬೇಕು. ಹಕ್ಕಿಯು ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರೆ ಅದು ಮೊದಲನೆಯ ಎಚ್ಚರಿಕೆ, ಅಲ್ಲಿಗೇ ನಿಲ್ಲತಕ್ಕದ್ದು. ದೂರ ಸರಿಯತೊಡಗಿದರೆ, ಕೂಗಿದರೆ, ನಾವು ಹಿಂದೆಗೆಯಬೇಕು. ಉಬ್ಬರವು ತುಂಬಿದಾಗ ದಿಬ್ಬಗಳ ಮೇಲೆ ಒತ್ತಾಗಿ ವಿಶ್ರಮಿಸುವ ಹಿಂಡುಗಳಿಗೆ ಬೇರೆ ನೆಲೆಯಿರುವುದಿಲ್ಲ, ಅವನ್ನಂತೂ ಸಮೀಪಿಸಲೇಬಾರದು.

ಬೇಟೆಗಾರನು ತನ್ನ ಗೆಲುವನ್ನು ದೋಣಿಯಲ್ಲಿ ಬಿದ್ದ ಪ್ರಾಣಿಯಿಂದ ಅಳೆಯುತ್ತಿದ್ದನು. ಛಾಯಾಗ್ರಾಹಕನ ಗೆಲುವಿನ ಅಳತೆಯು ಬೇರೆ: ಅವನ ದೋಣಿಯು ಮರಳಿದ ಮೇಲೂ ಹಕ್ಕಿಯು ಅದೇ ಎಡೆಯಲ್ಲಿ, ಅದೇ ಕೆಲಸದಲ್ಲಿ ತೊಡಗಿರಬೇಕು. ಹಾಗೆ ದೊರೆತ ಚಿತ್ರದಲ್ಲಿ ಹಕ್ಕಿಯ ನಿಜವಾದ ನಡವಳಿಕೆಯು ದಾಖಲಾಗುವುದರಿಂದ ವಿಜ್ಞಾನದ ದೃಷ್ಟಿಯಿಂದಲೂ ಅದಕ್ಕೆ ಬೆಲೆ ಹೆಚ್ಚು. ಈ ಅಭ್ಯಾಸವನ್ನು ಕೈಗೊಳ್ಳುವ ವಿದ್ಯಾರ್ಥಿಗಳು ಚಿತ್ರದೊಡನೆ ದಿನಾಂಕವನ್ನೂ, ಉಬ್ಬರದ ವೇಳೆಯನ್ನೂ, ಹಕ್ಕಿಯು ತಲೆಯೆತ್ತಿದಾಗ ದೋಣಿಯಿದ್ದ ದೂರವನ್ನೂ ಬರೆದಿಡಲಿ. ಕೆಲವು ತಿಂಗಳುಗಳಲ್ಲಿ ಆ ಟಿಪ್ಪಣಿಯ ಪುಸ್ತಕವು ಚಿತ್ರಗಳಷ್ಟೇ ಬೆಲೆಯುಳ್ಳದ್ದಾಗುತ್ತದೆ.